ಚಾಯ್ಸ್‌ನಲ್ಲಿ ಬಿಟ್ಟ ಪ್ರಬಂಧ

ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಕ್ಯಾರಲ್ಟನ್‌ನ ಆ ಮನೆಗೆ ನಾನು ಹನ್ನೊಂದು ಶನಿವಾರ ಊಟಕ್ಕೆ ಹೋಗಿದ್ದೇನೆ. ಲೆಕ್ಕ ದಿನಚರಿಯಲ್ಲಿದೆ. ಆ ಮನೆಯ ಯಜಮಾನರು, ನಾನು ಅಂಕಲ್ ಎನ್ನುವವರು, ಮೂವತ್ತು ವರ್ಷದಿಂದ ಟೆಕ್ಸಾಸಿನಲ್ಲಿರುವ ಎಂಜಿನಿಯರ್. ನಾನು ಮೈಸೂರಿನಿಂದ ಎಂ.ಎಸ್. ಓದಲು ಬಂದವನು, ಮನೆಯೂಟ ಹಾಕುವವರು ಏನು ಹೇಳಿದರೂ ತಲೆಯಾಡಿಸುವವನು.

ಅವರ ಮಗಳು ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಅವಳಿಗೆ ಹ್ಯೂಸ್ಟನ್ನಿನ ಒಂದು ಕಾಲೇಜು ಬೇಕಿತ್ತು. ಮೆರಿಟ್ ಸ್ಕಾಲರ್‌ಶಿಪ್ ಸಿಕ್ಕರೆ ಹ್ಯೂಸ್ಟನ್, ಇಲ್ಲದಿದ್ದರೆ ಮನೆಯಿಂದ ಓಡಾಡುವ ಕಾಲೇಜು ಎಂದು ಅಂಕಲ್ ಮೊದಲೇ ತೀರ್ಮಾನಿಸಿದ್ದರು.

ಅರ್ಜಿಯಲ್ಲಿ ಕಡ್ಡಾಯ ಪ್ರಬಂಧದ ಕೆಳಗೆ ಇನ್ನೊಂದಿತ್ತು, ಆಪ್ಷನಲ್. ಅದನ್ನೂ ಅವಳು ಬರೆದಿದ್ದಳು, ತನ್ನ ಕನ್ನಡದ ಬಗ್ಗೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಅವಳೇ ನಿರೂಪಕಿ; ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟ ಕನ್ನಡವನ್ನು ಅರ್ಧ ತಿಳಿಯದೆ ಓದುವುದು. ಒಮ್ಮೆ ಯಾರದೋ ಶ್ರದ್ಧಾಂಜಲಿಯನ್ನು ಹಬ್ಬದ ಉತ್ಸಾಹದಲ್ಲಿ ಓದಿಬಿಟ್ಟಳಂತೆ. ಆ ವಾರವೇ ಅಕ್ಷರಮಾಲೆ ಕಲಿಯಲು ಕೂತಳಂತೆ. ನಾನು ಎರಡು ಸಲ ಓದಿದೆ. ಆ ಮನೆಯಲ್ಲಿ ನಾನು ಓದಿದ ಒಳ್ಳೆಯ ಬರಹ ಅದೊಂದೇ. ಉಳಿದವು ಅಂಕಲ್ ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದ ತಮ್ಮದೇ ಪ್ರಶಸ್ತಿಪತ್ರಗಳು.

ಅಂಕಲ್ ಅದನ್ನು ಓದಲಿಲ್ಲ. ಆಪ್ಷನಲ್ ಎಂಬುದರ ಬಗ್ಗೆ ಭಾಷಣ: ಏಳು ಸಲ. ಮಗಳ ಬರಹ ಕೈಗೆತ್ತಿಕೊಂಡದ್ದು: ಸೊನ್ನೆ.

"ಆಪ್ಷನಲ್ ಅಂದ್ರೆ ಚಾಯ್ಸು ಕಣಮ್ಮ. ಪಿಯುಸೀಲಿ ನಾವು ಎಷ್ಟು ಕೊಶ್ಚನ್ ಚಾಯ್ಸಲ್ಲಿ ಬಿಟ್ಟಿದೀವಿ. ಬಿಟ್ಟೂ ರ‍್ಯಾಂಕ್ ಬಂತು."

ಎಂಟು ಪ್ರಶ್ನೆಯಲ್ಲಿ ಐದಕ್ಕೆ ಉತ್ತರಿಸಿ, ಆರನೆಯದಕ್ಕೆ ಅಂಕವಿಲ್ಲ. ಮೂವತ್ತು ವರ್ಷ ಇಲ್ಲಿದ್ದೂ ಆ ಮನುಷ್ಯ ಆ ಪರೀಕ್ಷಾ ಕೊಠಡಿಯಿಂದ ಎದ್ದು ಹೊರಗೆ ಬಂದಿರಲಿಲ್ಲ. ಹೆಚ್ಚಿಗೆ ಬರೆಯುವವರು ಅಂಕ ಕಡಿಮೆಯಿದ್ದವರು ಎಂಬುದೂ ಅವರದೇ ಸಂಶೋಧನೆ.

ಅರ್ಜಿಯ ಕೊನೆಯ ದಿನ ಹನ್ನೊಂದನೆಯ ಶನಿವಾರ. "ಡ್ಯಾಡ್, ದೇ ರೀಡ್ ಇಟ್," ಎಂದಳು ಮಗಳು. ಅಂಕಲ್ ನನ್ನ ಕಡೆ ತಿರುಗಿದರು. "ಏನಪ್ಪಾ, ನೀನೂ ಸ್ಟೂಡೆಂಟೇ. ಹೇಳು ಇವಳಿಗೆ."

ಆಂಟಿ ಆಗಷ್ಟೇ ಎರಡನೆಯ ಸಲ ಬಿಸಿಬೇಳೆಬಾತ್ ಬಡಿಸಿದ್ದರು. "ಹೌದು ಅಂಕಲ್, ಕಡ್ಡಾಯ ಏನಿಲ್ಲ," ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ಆ ಜಾಗ ಖಾಲಿ ಬಿಟ್ಟು ಅರ್ಜಿ ಕಳಿಸಿದಳು.

ಮಾರ್ಚಿನಲ್ಲಿ ಸೀಟು ಬಂತು, ಸ್ಕಾಲರ್‌ಶಿಪ್ ಬರಲಿಲ್ಲ. ಅವಳೇ ಕಾಲೇಜಿಗೆ ಫೋನ್ ಮಾಡಿ ಕಾರಣ ಕೇಳಿದಳು. ಅಂಕಗಳು ಅಕ್ಕಪಕ್ಕ ಇದ್ದಾಗ ನಾವು ಆ ಪ್ರಬಂಧವನ್ನೇ ನೋಡುತ್ತೇವೆ, ನಿಮ್ಮದು ಖಾಲಿಯಿತ್ತು ಎಂದು ಕಚೇರಿಯವರು ಮರ್ಯಾದೆಯಿಂದಲೇ ಹೇಳಿದರಂತೆ.

ಯುಗಾದಿ ಊಟದಲ್ಲಿ ಅಂಕಲ್ ಹತ್ತಿರದ ಸೌತ್‌ಲೇಕ್‌ನಿಂದ ಬಂದ, ಹೈಸ್ಕೂಲಿನಲ್ಲಿ ಮಗನಿದ್ದ ದಂಪತಿಗೆ ಬುದ್ಧಿ ಹೇಳುತ್ತಿದ್ದರು. "ಆಪ್ಷನಲ್ ಎಸ್ಸೇ ಬಿಡಲೇಬಾರ್ದು ರೀ. ನಾನು ಬಡ್ಕೊಂಡೆ. ಈಗಿನ ಮಕ್ಳು ಕೇಳ್ತಾರಾ?" ಪಾಯಸ ಬರುವಷ್ಟರಲ್ಲಿ ನಾಲ್ಕು ಕುಟುಂಬಕ್ಕೆ ಹೇಳಿ ಮುಗಿಸಿದ್ದರು. ನಾನು ಅದೇ ಮೇಜಿನಲ್ಲಿ ಕೂತು ಎಣಿಸಿದೆ. ಪಾಯಸಕ್ಕೆ ಬಟ್ಟಲು ಒಡ್ಡಿದೆ. ಅಂಕಲ್‌ಗೆ ಮರೆವಾದರೂ ಇರಬಹುದು, ನನಗೆ ದಿನಚರಿಯಿದೆ.

ಅವಳೀಗ ಮನೆಯಿಂದಲೇ ಕಾಲೇಜಿಗೆ ಡ್ರೈವ್ ಮಾಡುತ್ತಾಳೆ. ಎರಡನೆಯ ವರ್ಷಕ್ಕಾದರೂ ಹ್ಯೂಸ್ಟನ್ನಿಗೆ ಟ್ರಾನ್ಸ್‌ಫರ್ ಆಗಲು ಅರ್ಜಿ ಹಾಕುತ್ತಿದ್ದಾಳೆಂದು ಆಂಟಿಯಿಂದ ತಿಳಿಯಿತು. ಪ್ರಬಂಧ ಒಮ್ಮೆ ನೋಡಿಕೊಡಲೇ ಎಂದು ಅವಳನ್ನು ಕೇಳಿದೆ.

"ಬೇಡ ಅಣ್ಣ," ಎಂದಳು. "ಕಳ್ಸಾಯ್ತು. ಡ್ಯಾಡ್‌ಗೂ ನಿಮ್ಗೂ ತೋರ್ಸಿಲ್ಲ."