ಮಾಬವ್ವ ತಂದ ಹೊಸ ಗಡಿಗೆ

ಅಡಗಿಕೊಳ್ಳುವುದು ನಮಗೆ ಬರೀ ಆಟವಾಗಿದ್ದ ಕಾಲ ಅದು. ಊರಾಳುವವನು ನಿಜಾಮ. ಅಪ್ಪ ಅವನ ವಿರುದ್ಧ ಹೋರಾಡುವವರ ಜೊತೆ ತುಂಗಭದ್ರೆ ದಾಟಿ ಹೋಗಿದ್ದ. ಅಪ್ಪ ಸಿಗದಿದ್ದರೆ ನಿಜಾಮನ ಖಾಕಿ ದಂಡಿನವರು ಮಕ್ಕಳನ್ನು ಹಿಡಿದೊಯ್ಯುತ್ತಾರೆಂಬ ಸುದ್ದಿ ಲಿಂಗಸುಗೂರಿನ ನಮ್ಮ ಓಣಿಗೂ ಬಂತು. ಅವ್ವ ಎಳೆಗೂಸಿನೊಂದಿಗೆ ತವರಿಗೆ ಹೋದಳು. ಗುರುತು ಸಿಗದಿರಲೆಂದು ಎಂಟು ವರ್ಷದ ನನ್ನನ್ನು ಸಂತೆಕಲ್ಲೂರಿನ ಮಾಬವ್ವನ ಮನೆಯಲ್ಲಿ ಬಿಟ್ಟಳು. ಮಾಬವ್ವ ಮುಸಲ್ಮಾನ ಪಿಂಜಾರರ ಮುದುಕಿ. ನಮ್ಮ ಗಾದಿಗಳಿಗೆ ಹತ್ತಿ ಹಿಂಜುತ್ತಿದ್ದವಳು.

ನಾನು ಕೊರಳಲ್ಲಿ ಲಿಂಗ ಕಟ್ಟಿದ ಹುಡುಗಿ. ಅದನ್ನು ಕಣ್ಣಿಗೊತ್ತಿಕೊಳ್ಳದೆ ತುತ್ತು ಮುಟ್ಟಿದವಳಲ್ಲ. ಮಾಬವ್ವ ಕುಂಬಾರನಿಂದ ಹೊಸ ಗಡಿಗೆ ತಂದು ನನಗೆಂದೇ ಬೇರೆ ಅಡುಗೆ ಮಾಡಿದಳು.

"ನಿಮ್ಮವ್ವ ಕೇಳಿದ್ರ ನನ್ನ ಮಾರಿ ತೋರಿಸ್ಬೇಕಲ್ಲವಾ," ಎಂದಳು. ಪೂಜೆಯಾಗುವ ತನಕ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಆಮೇಲೆ ಲಿಂಗ ಹತ್ತಿಯ ಗಂಟಿನೊಳಗೆ ಹೋಗುತ್ತಿತ್ತು. ಪುಂಡಿಪಲ್ಯ, ಬಿಸಿ ರೊಟ್ಟಿ ತಿಂದು ಅವಳ ಮೊಮ್ಮಗಳ ಜೊತೆ ಕಲ್ಲಾಟ ಆಡುತ್ತಿದ್ದೆ. ಸುಳ್ಳೇಕೆ, ನನಗೆ ಮನೆಯ ನೆನಪು ಅಷ್ಟಾಗಿ ಬರಲಿಲ್ಲ.

ಒಂದು ಮಧ್ಯಾಹ್ನ ಖಾಕಿ ದಂಡಿನವರು ಬಂದರು.

"ಇದು ಯಾರ ಹುಡುಗಿ?"

"ನನ್ನ ತಂಗಿ ಮಮ್ಮಗಳ್ರಿ."

ಅವರಲ್ಲೊಬ್ಬ ನನ್ನ ಕೈಗೆ ಖರ್ಜೂರ ಕೊಟ್ಟ. ತಿನ್ನುವ ಮೊದಲು ನನ್ನ ಕೈ ತಾನಾಗಿ ಕೊರಳು ತಡವಿ ಎದೆಗೆ ಹೋಗಿ, ಇಲ್ಲದ ಲಿಂಗವನ್ನು ಹುಡುಕಿತು. ಅವನ ಕಣ್ಣು ಅಲ್ಲೇ ನಿಂತಿತು. ಮಾಬವ್ವ ಫಟ್ಟನೆ ನನ್ನ ಕೈಗೆ ಹೊಡೆದಳು.

"ಮಂಗನಬಾವು ಬಂದೈತ್ರಿ, ಬರೇ ಗಂಟಲು ಹಿಡ್ಕೊಳ್ಳಾಕತ್ಯಾಳ. ದೂರ ನಿಲ್ರಿ ಸಾಹೇಬ್ರ, ಗಂಡಸ್ರಿಗೆ ಹತ್ತಿದ್ರ ಭಾಳ ಕೆಟ್ಟ."

ಬಂದೂಕು ಹಿಡಿದವರು ಎರಡು ಹೆಜ್ಜೆ ಹಿಂದೆ ಸರಿದು ಹೊರಟುಹೋದರು.

ನಿಜಾಮನ ಆಳ್ವಿಕೆ ಮುಗಿಯಿತು. ಅಪ್ಪ ಹೂಮಾಲೆ ಹಾಕಿಸಿಕೊಂಡು ಬಂದ; ಅವ್ವನೂ ನಾನೂ ಮನೆಗೆ ಮರಳಿದೆವು. ಆ ವಾರವೇ ಹಳ್ಳಿಗಳಲ್ಲಿ ಮುಸಲ್ಮಾನರ ಮನೆಗಳಿಗೆ ಬೆಂಕಿ ಬಿತ್ತು. ಮಾಬವ್ವ ಮೊಮ್ಮಗಳನ್ನು ಕರೆದುಕೊಂಡು ನಡೆದೇ ನಮ್ಮ ಬಾಗಿಲಿಗೆ ಬಂದಳು.

"ಈ ಕೂಸನ್ನಾರ ಇಟ್ಕೊಳ್ರಿ ಧಣಿ."

ಅಪ್ಪ ಓಣಿಯ ಆಚೀಚೆ ನೋಡಿದ. "ಮಂದಿ ನೋಡಾಕತ್ತಾರ. ನಾಕ ದಿನ ಬಿಟ್ಟು ಬಾ."

ಅವಳು ನೀರು ಕೇಳಿದಳು. ಅವ್ವ ತಂಬಿಗೆಯನ್ನು ಎತ್ತರಕ್ಕೆ ಹಿಡಿದು, ತಾಕದಂತೆ ಇಬ್ಬರ ಬೊಗಸೆಗೂ ಸುರಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಕರೆಯಬಹುದಿತ್ತು, ಕರೆಯಲಿಲ್ಲ.

ಅವರು ಮತ್ತೆ ಬರಲಿಲ್ಲ. ನಮ್ಮ ಓಣಿಯಲ್ಲಿ ಹತ್ತಿ ಹಿಂಜುವ ಬಿಲ್ಲಿನ ಸದ್ದು ಕೇಳಿ ಎಷ್ಟೋ ಕಾಲವಾಯಿತು. ಗಾದಿಗಳು ಈಗ ಅಂಗಡಿಯಿಂದ ಬರುತ್ತವೆ. ಉಣ್ಣುವ ಮುಂಚೆ ನನ್ನ ಕೈ ಇಂದಿಗೂ ಎದೆಗೆ ಹೋಗುತ್ತದೆ. ಲಿಂಗ ಅಲ್ಲೇ ಇದೆ. ಆದರೆ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಎರಡು ಬೊಗಸೆ.