ಹೆದರಿದ ಗ್ರಾಹಕರಿಗೆ ಐದು ಮಾತು

ಜನರಿಗೆ ನಾನು ಹೇಳುವ ಧೈರ್ಯ ನನ್ನದಲ್ಲ, ಬೆಳಗಿನ ಲೋಕಲ್ ರೈಲಿನಲ್ಲಿ ನಿಂತು ಓದಿಕೊಂಡದ್ದು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಡೊಂಬಿವಲಿಯ ಒಬ್ಬ ಮ್ಯೂಚುವಲ್ ಫಂಡ್ ಸಲಹೆಗಾರ. ಅಂದರೆ ನಮ್ಮವರ ಉಳಿತಾಯವನ್ನು ಫಂಡ್ ಕಂಪನಿಗಳಿಗೆ ದಾಟಿಸಿ, ಮಾರುಕಟ್ಟೆ ಬಿದ್ದಾಗ ಫೋನಿನಲ್ಲಿ ಬೈಸಿಕೊಳ್ಳುವವನು. ನಮ್ಮಂಥವರಿಗೆಂದೇ ಈ ಕಂಪನಿಗಳು ಬ್ಲಾಗ್ ಬರೆಯುತ್ತವೆ. ಬೇರೆಯವರು ಓದುತ್ತಾರೋ ಇಲ್ಲವೋ, ನಾನಂತೂ ಭಕ್ತಿಯಿಂದ ಓದುತ್ತೇನೆ. ಮಾರುಕಟ್ಟೆ ಪಾತಾಳಕ್ಕಿಳಿದ ದಿನವೂ ಆ ಬ್ಲಾಗುಗಳ ನೆತ್ತಿಯ ಮೇಲೆ ಒಂದು ಸೂರ್ಯೋದಯದ ಚಿತ್ರ ಇರುತ್ತದೆ. ಅದನ್ನು ನೋಡಿದರೇ ಅರ್ಧ ಭಯ ಇಳಿಯುತ್ತದೆ.

ಅವುಗಳಲ್ಲಿ ನನಗೆ ಪರಮಪ್ರಿಯವಾದ ಒಂದು ಬರಹವಿತ್ತು. ಹೆದರಿದ ಗ್ರಾಹಕರ ಹತ್ತಿರ ಹೇಗೆ ಮಾತಾಡಬೇಕು ಎಂಬುದಕ್ಕೆ ಐದು ಮೆಟ್ಟಿಲು. ಮೊದಲು ಹೆಸರು ಹಿಡಿದು ಕರೆಯಬೇಕು. ಆಮೇಲೆ ‘ನಿಮ್ಮ ಆತಂಕ ಅರ್ಥವಾಗುತ್ತದೆ’ ಅನ್ನಬೇಕು. ಮೂರು ಸೆಕೆಂಡು ಸುಮ್ಮನಿರಬೇಕು. ಈ ಹಣವನ್ನು ಯಾಕೆ ಇಟ್ಟಿರಿ ಎಂದು ಕೇಳಬೇಕು. ಕೊನೆಗೆ ದೀರ್ಘಾವಧಿಯ ಮಹಿಮೆ ಹಾಡಬೇಕು. ನಾನು ಮೂರನೆಯದನ್ನೂ ನಾಲ್ಕನೆಯದನ್ನೂ ಕೈಬಿಟ್ಟಿದ್ದೆ. ಠಾಣೆ ಸ್ಟೇಷನ್ನಿನ ಗದ್ದಲದಲ್ಲಿ ನಿಂತು ಸುಮ್ಮನಾದರೆ ಲೈನ್ ಕಟ್ಟಾಯಿತೆಂದು ಅವರು ಇಟ್ಟುಬಿಡುತ್ತಾರೆ. ಯಾಕೆ ಇಟ್ಟಿರಿ ಎಂದು ಕೇಳಿದರೆ ರೈಲು ವಾಶಿ ದಾಟಿದರೂ ಕಥೆ ಮುಗಿಯುವುದಿಲ್ಲ.

ಒಂದೇ ಮಾತನ್ನು ಎಲ್ಲರಿಗೂ ಹೇಳುವುದರಲ್ಲಿ ನನಗೇನೂ ನಾಚಿಕೆ ಇರಲಿಲ್ಲ. ಉಡುಪಿಯಲ್ಲಿ ಪೌರೋಹಿತ್ಯ ಮಾಡುತ್ತಿದ್ದ ನನ್ನಜ್ಜ ಜೀವಮಾನವಿಡೀ ಒಂದೇ ಸಂಕಲ್ಪ ಹೇಳಿದರು. ಗೋತ್ರ, ನಕ್ಷತ್ರ, ಹೆಸರು ಮಾತ್ರ ಬದಲಾಗುತ್ತಿದ್ದವು. ಯಾರೂ ದೂರಲಿಲ್ಲ. ಅಲ್ಲಿ ಕೇಳಿಸಿಕೊಳ್ಳುವವನು ದೇವರು, ಅವನಿಗೆ ತಿರುಗಿ ಫೋನ್ ಮಾಡುವ ಅಭ್ಯಾಸವಿಲ್ಲ.

ಗಿರಿಜಕ್ಕನಿಗೆ ಇದೆ. ನೆರೂಳಿನಲ್ಲಿರುವ ಗಿರಿಜಕ್ಕ ನನ್ನ ಹಳೆಯ ಗ್ರಾಹಕರು. ಮದುವೆಯ ಗೋಜಿಗೆ ಹೋಗದೆ ಬೇಲಾಪುರದ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಯಾರ ಹಂಗೂ ಬೇಡ ಎನ್ನುವ ಜಾತಿ. ಮಾರುಕಟ್ಟೆ ಮತ್ತೆ ಕುಸಿದ ವಾರ ಮನೆಗೆ ಬರಲು ಹೇಳಿದರು. ದುಡ್ಡು ತೆಗೆಯಬೇಕಂತೆ. ಹಿಂದಿನ ಮೂರು ವರ್ಷಗಳಲ್ಲಿ ಎರಡು ಸಲ ಹೀಗೇ ಕೇಳಿದ್ದರು, ಎರಡು ಸಲವೂ ನಾನು ಸಮಾಧಾನ ಹೇಳಿ ತಡೆದಿದ್ದೆ. ಈ ಸಲವೂ ಅದೇ ಹುಮ್ಮಸ್ಸಿನಲ್ಲಿ ಹೋಗಿ, ಕಾಫಿ ಕುಡಿದು, ಗಂಟಲು ಸರಿ ಮಾಡಿಕೊಂಡೆ. ‘ಗಿರಿಜಕ್ಕ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ದೀರ್ಘಾವಧಿಯಲ್ಲಿ ನೋಡಿದರೆ…’ ಎಂದು ರಾಗ ಎಳೆಯುವಷ್ಟರಲ್ಲಿ ಅವರು ಕೈ ಎತ್ತಿದರು.

“ಭಟ್ರೇ, ನಡುವೆ ಎರಡು ಬಿಟ್ರಿ. ಮೂರು ಸೆಕೆಂಡ್ ಸುಮ್ನೆ ಕೂರುದು ಒಂದು ಉಂಟು. ಮತ್ತೆ, ಹಣ ಎಂತಕ್ಕೆ ಇಟ್ಟದ್ದು ಅಂತ ಕೇಳುದು.”

ಅವರು ಫೋನ್ ಒತ್ತಿದರು. ಅದರೊಳಗಿನ ಯಂತ್ರದ ಹೆಂಗಸು ಆ ಬರಹವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದತೊಡಗಿದಳು. ಅದಕ್ಕೂ ಮೊದಲು, ಅಯ್ಯೋ, ಮೇಲೆ ನಾನು ಬರೆದಿದ್ದ ಒಕ್ಕಣೆ: ‘ನನ್ನ ಗ್ರಾಹಕರ ಮೇಲೆ ಪ್ರಯೋಗಿಸಿದ್ದೇನೆ, ಪ್ರತಿ ಸಲವೂ ಕೆಲಸ ಮಾಡುತ್ತದೆ.’ ಸಲಹೆಗಾರ ಗೆಳೆಯರ ವಾಟ್ಸಾಪ್ ಗುಂಪಿಗೆಂದು ಕಳಿಸಿದ್ದು ಗ್ರಾಹಕರ ಗುಂಪಿಗೆ ಹೋಗಿ ಕೂತಿತ್ತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಅನ್ನುತ್ತಾರಲ್ಲ, ಆ ಗಾಳ ನನ್ನ ಗಂಟಲಿಗೇ ಸಿಕ್ಕಿತ್ತು. ಉಳಿದವರು ಯಾಕೆ ಸುಮ್ಮನಿದ್ದರು ಎಂದರೆ, ನಾನು ಕಳಿಸಿದ್ದನ್ನು ಗಿರಿಜಕ್ಕನ ಹೊರತು ಯಾರೂ ತೆರೆಯುವುದೇ ಇಲ್ಲ. ಇದು ಆ ದಿನ ಗೊತ್ತಾದ ಇನ್ನೊಂದು ಸತ್ಯ.

ಗಿರಿಜಕ್ಕನಿಗೆ ಸಿಟ್ಟಿರಲಿಲ್ಲ. ಮೂವತ್ತು ವರ್ಷ ಸಾಹೇಬರುಗಳ ಉತ್ತರ ಟೈಪ್ ಮಾಡಿದ್ದಾರಂತೆ. ಉತ್ತರ ಒಂದೇ, ಮೇಲಿನ ಹೆಸರು ಮಾತ್ರ ಬೇರೆ. ನನ್ನ ದನಿ ಕೇಳಿದಾಗಲೇ ಗುಮಾನಿ ಬಂದಿತ್ತಂತೆ. ನಾನು ತಲೆ ತಗ್ಗಿಸಿ ಕೂತಿದ್ದೆ. ಆಗ ಹೊಳೆಯಿತು: ಇಷ್ಟು ಇಂಗ್ಲಿಷ್ ಬಲ್ಲ ಹೆಂಗಸು ಓದುವುದಕ್ಕೆ ಯಂತ್ರವನ್ನು ಯಾಕೆ ಇಟ್ಟುಕೊಂಡಿದ್ದಾರೆ?

“ಗಿರಿಜಕ್ಕ, ಆ ಹಣ ಎಂತಕ್ಕೆ ಇಟ್ಟದ್ದು?”

“ಕಣ್ಣಿಗೆ,” ಅಂದರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆಂದೇ ಕೂಡಿಟ್ಟ ಹಣ ಅದು. ಮೊದಲ ಸಲ ಫೋನ್ ಮಾಡಿದಾಗ ಪೇಪರಿನ ತಲೆಬರಹವಾದರೂ ಕಾಣುತ್ತಿತ್ತಂತೆ, ಎರಡನೇ ಸಲ ಅದೂ ಇಲ್ಲ. “ನೀವು ಕಾಯಿರಿ ಅಂದ್ರಿ, ಕಾದೆ. ಅಷ್ಟು ಓದಿದವ್ರು ನೀವು.” ಇದರಲ್ಲಿ ಚುಚ್ಚುಮಾತು ಒಂದಿಷ್ಟೂ ಇರಲಿಲ್ಲ. ಮಾರುಕಟ್ಟೆ ಎಷ್ಟೋ ಸಲ ಬಿದ್ದದ್ದನ್ನು ನೋಡಿದ್ದೇನೆ. ಹಾಗೆ ನಾನೇ ಬಿದ್ದದ್ದು ಅದೇ ಮೊದಲು. ಅವರ ಭಯವನ್ನು ಓಡಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವರಿಗೆ ಭಯವೇ ಇರಲಿಲ್ಲ, ಬರೀ ಒಂದು ಕೆಲಸವಿತ್ತು.

ಹಣ ಹಿಂಪಡೆಯುವ ಅರ್ಜಿಯನ್ನು ಅಲ್ಲೇ ತುಂಬಿದೆ. ಸಹಿ ಎಲ್ಲಿ ಎಂದು ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ. ನನ್ನ ಬೆರಳಿನ ಮೇಲೂ ಸ್ವಲ್ಪ ಸಹಿ ಬಿತ್ತು. ನಷ್ಟವೆಷ್ಟು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡನೇ ಕಣ್ಣಿನ ಪಟ್ಟಿಯೂ ಬಿಚ್ಚಿದ ಮೇಲೆ ಒಂದು ಭಾನುವಾರ ನೋಡಲು ಹೋದೆ. ಬಾಗಿಲು ತೆರೆದವರು ಒಳಗೆ ಕರೆಯುವುದನ್ನೂ ಮರೆತು ನನ್ನ ತಲೆಯನ್ನೇ ದಿಟ್ಟಿಸಿದರು.

“ಭಟ್ರೇ, ಇದೆಂತ ಮಾರಾಯ್ರೆ, ನಿಮ್ಮ ಕೂದಲು ಯಾವಾಗ ಬೆಳ್ಳಗಾದ್ದು?”

ಇಂಥದ್ದಕ್ಕೆ ಏನು ಹೇಳಬೇಕೆಂದು ಯಾವ ಕಂಪನಿಯೂ ಬರೆದಿಲ್ಲ. ಹಾಗಾಗಿ ನಿಜವನ್ನೇ ಹೇಳಿದೆ.

“ನೀವು ಕಾಯ್ತಾ ಇದ್ದಾಗ, ಗಿರಿಜಕ್ಕ.”