ಕೇಳಿ ಹೋಗುವ ದಾರಿ

ಗುಡ್ಡದ ವಕೀಲರನ್ನು ಆಫೀಸಿನಲ್ಲಿ ಹುಡುಕುವುದು ದಡ್ಡತನ ಎಂದು ಊರಿಗೆಲ್ಲ ಗೊತ್ತಿತ್ತು. ಆಫೀಸು ಇರಲಿಲ್ಲ ಎಂದಲ್ಲ. ಕೋರ್ಟಿನ ಎದುರು ಬೀದಿಯಲ್ಲಿ, ಔಷಧಿ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ, ಒಂದು ಮೇಜು, ಕಾಲು ಅಲ್ಲಾಡುವ ಕುರ್ಚಿಗಳು. ಕರಿ ಕೋಟಿನ ಪಕ್ಕದ ಮೊಳೆಯಲ್ಲಿ ಬಿಸಿಲಿನ ಟೋಪಿ, ಮೇಜಿನ ಕೆಳಗೆ ಕೆಸರು ಮೆತ್ತಿದ ಬೂಟು. ಕಕ್ಷಿಗಾರ ಬಂದು ಕೂತು ಅಣ್ಣನ ಮೇಲೆ ದೂರು ಶುರು ಮಾಡಿದರೆ ಇವರು ಕಿಟಕಿಯಾಚೆಯ ಗುಡ್ಡದ ಕಡೆ ನೋಡಿ, "ನಾಳೆ ಬೆಳಿಗ್ಗೆ ಅಣ್ಣನನ್ನೂ ಕರ್ಕೊಂಡು ಬನ್ನಿ. ಗುಡ್ಡ ಹತ್ತುತ್ತಾ ಮಾತಾಡೋಣ" ಎನ್ನುವರು. ಏದುಸಿರು ಬಿಡುತ್ತಾ ಹತ್ತುವವನಿಗೆ ಒಡಹುಟ್ಟಿದವನನ್ನು ಬೈಯಲು ಉಸಿರೆಲ್ಲಿ ಉಳಿಯಬೇಕು? ತುದಿ ಮುಟ್ಟಿ, ಬಂಡೆಯ ಮೇಲೆ ಕೂತು, ಒಂದೇ ಬಾಟಲಿಯ ನೀರು ಕುಡಿಯುವ ಹೊತ್ತಿಗೆ ಎಷ್ಟೋ ಜಗಳಗಳು ಅರ್ಧ ಇಳಿದಿರುತ್ತಿದ್ದವು. ಹೀಗಾಗಿ ವಕೀಲರ ಸಂಪಾದನೆಯೂ ಅಷ್ಟಕ್ಕಷ್ಟೇ ಇತ್ತು.

ಇದನ್ನೆಲ್ಲ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ದಪ್ಪ ವಕೀಲರು. ಇಬ್ಬರೂ ಕಾನೂನು ಓದುವಾಗ ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಕೋರ್ಟಿನಲ್ಲಿ ತಲೆ ನರೆಸಿಕೊಂಡವರು. ಗುಡ್ಡ ಇರುವುದು ಕುರ್ಚಿಯಲ್ಲಿ ಕೂತು ನೋಡುವುದಕ್ಕೆ ಎಂಬುದು ದಪ್ಪ ವಕೀಲರ ಸಿದ್ಧಾಂತ. "ಬಾರೋ ಒಂದು ದಿನ" ಎಂದು ಗೆಳೆಯ ಕರೆದಾಗಲೆಲ್ಲ, "ನನ್ನನ್ನ ಹೊತ್ಕೊಂಡು ಹೋಗೋಕೆ ಆಳು ಗೊತ್ತು ಮಾಡು, ಬರ್ತೀನಿ" ಎನ್ನುತ್ತಿದ್ದರು.

ಗುಡ್ಡಕ್ಕೆ ಇದ್ದದ್ದು ಒಂದೇ ದಾರಿ, ಅದೂ ಒಬ್ಬ ಅಜ್ಜಿಯ ಹಣ್ಣಿನ ತೋಟದ ನಡುವೆ. ಗುಡ್ಡದ ವಕೀಲರು ಬೇಲಿಯ ಬಳಿ ನಿಂತು, "ಅಜ್ಜೀ, ಹೋಗ್ಲಾ?" ಎಂದು ಕೂಗದೆ ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. "ಹೋಗಪ್ಪಾ" ಎಂದು ಒಳಗಿನಿಂದ ಉತ್ತರ ಬಂದ ಮೇಲೆಯೇ ನಡಿಗೆ. ಅಜ್ಜಿ ಸ್ನಾನಕ್ಕೆ ಹೋಗಿದ್ದರೆ ಕಾಯುತ್ತಿದ್ದರು. ಭಾನುವಾರ ಅವರ ಹಿಂದೆ ಹೊರಡುತ್ತಿದ್ದ ಶಾಲೆಯ ಮಕ್ಕಳು, ನಿವೃತ್ತ ಮೇಷ್ಟರು, ಆಸ್ಪತ್ರೆಯ ನರ್ಸಮ್ಮ ಎಲ್ಲರೂ ನೋಡಿ ನೋಡಿ ಅದನ್ನೇ ಕಲಿತರು. ಇಡೀ ಊರು ಕೇಳಿಕೊಂಡೇ ಗುಡ್ಡ ಹತ್ತುತ್ತಿತ್ತು.

ಅಜ್ಜಿ ತೀರಿಕೊಂಡರು. ತೋಟವನ್ನು ಹೆಂಚಿನ ಕಾರ್ಖಾನೆಯ ಯಜಮಾನರು ಕೊಂಡರು. ಕೊಂಡವರೇ ಅಜ್ಜಿಯ ಮನೆಗೆ ಬಂದು ನೆಲೆಸಿ, ಕಬ್ಬಿಣದ ಗೇಟು ಹಾಕಿ ಬೀಗ ಜಡಿದರು. ಊರಿನವರು ಗುಡ್ಡದ ವಕೀಲರನ್ನು ಮುಂದೆ ಮಾಡಿಕೊಂಡು ದಾವೆ ಹೂಡಿದರೆ, ಯಜಮಾನರು ಸೀದಾ ದಪ್ಪ ವಕೀಲರ ಆಫೀಸಿಗೆ ಬಂದರು. ದಪ್ಪ ವಕೀಲರಿಗೆ ಧರ್ಮಸಂಕಟ. ಗೆಳೆಯನನ್ನೇ ಕೇಳಿದರು.

"ತಗೋ ಕಣೋ" ಎಂದರು ಗುಡ್ಡದ ವಕೀಲರು. "ಯಾರೋ ಸುಳ್ಳು ಸಾಕ್ಷಿ ಕಟ್ಟೋರ ಕೈಗೆ ಹೋಗೋದಕ್ಕಿಂತ ನೀನೇ ವಾಸಿ."

ಕಾಗದಪತ್ರ ತಿರುವಿ ಹಾಕುತ್ತಾ ಕೂತಾಗ ದಪ್ಪ ವಕೀಲರಿಗೆ ಒಂದು ವಿಷಯ ಹೊಳೆಯಿತು. ಜನ ಬಹುಕಾಲ ಯಾರನ್ನೂ ಕೇಳದೆ ಓಡಾಡಿದ ದಾರಿ ಅವರ ಹಕ್ಕು. ಕೇಳಿ ಓಡಾಡಿದರೆ ಅದು ಮಾಲೀಕರ ದಯೆ, ಬೇಡವೆಂದ ದಿನ ಮುಗಿಯಿತು. ಊರಿಗೆಲ್ಲ ಮರ್ಯಾದೆ ಕಲಿಸಿ ಈ ಮಹಾನುಭಾವ ತನ್ನ ಕೇಸಿಗೆ ತಾನೇ ಗುಂಡಿ ತೋಡಿಕೊಂಡಿದ್ದ. ಕಾನೂನು ಓದಿದ ಬೇರೆ ಯಾವನೂ ಇಂಥ ತಪ್ಪು ಮಾಡುತ್ತಿರಲಿಲ್ಲ.

ಗುಡ್ಡದ ವಕೀಲರು ಕಟಕಟೆಯಲ್ಲಿ ನಿಂತರು. ಪಾಟೀಸವಾಲಿಗೆ ಎದ್ದ ದಪ್ಪ ವಕೀಲರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. ಆ ಪ್ರಶ್ನೆ ಕೇಳದಿದ್ದರೆ ಕಕ್ಷಿಗಾರನಿಗೆ ದ್ರೋಹ, ಕೇಳಿದರೆ ಗೆಳೆಯನ ಗುಡ್ಡ ಹೋಯಿತು. ಗೆಳೆಯ "ಇಲ್ಲ" ಎಂದುಬಿಡಲಿ ಎಂದು ಅವರೇ ಮನಸ್ಸಿನಲ್ಲಿ ಬೇಡಿಕೊಂಡರು. ಹೌದೆನ್ನುವುದಕ್ಕೆ ಅಜ್ಜಿಯಂತೂ ಬದುಕಿರಲಿಲ್ಲ.

"ತೋಟ ದಾಟೋವಾಗ ತಾವು ಅಜ್ಜಿಯ ಅನುಮತಿ ಕೇಳ್ತಿದ್ರಾ?"

"ಹೌದು. ದಿನಾ ಕೇಳ್ತಿದ್ದೆ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟರು ತಲೆ ಚಚ್ಚಿಕೊಂಡರು. ಕೇಸು ಅಲ್ಲಿಗೇ ಬಿತ್ತು. ದಾರಿ ಯಜಮಾನರದ್ದು, ಯಾರಾದರೂ ಹೋಗಬೇಕಾದರೆ ಅವರ ಒಪ್ಪಿಗೆ ಬೇಕು ಎಂದು ತೀರ್ಪಾಯಿತು.

ಹೊರಗೆ ಮೆಟ್ಟಿಲ ಮೇಲೆ ದಪ್ಪ ವಕೀಲರು ಮುಖ ತಪ್ಪಿಸಿ ಹೊರಟಿದ್ದರು. ಗೆಳೆಯ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಹಾಕಿದರು. "ನೀನು ಆ ಪ್ರಶ್ನೆ ಕೇಳದೇ ಹೋಗಿದ್ರೆ ನಿನ್ನ ಜೊತೆ ಮಾತು ಬಿಡ್ತಿದ್ದೆ ಕಣೋ. ಅಲ್ಲ, ತೀರ್ಪು ಸರಿಯಾಗಿ ಓದಿದ್ಯಾ? ಒಪ್ಪಿಗೆ ಬೇಕು ಅಂತ ತಾನೇ ಇರೋದು? ಕೇಳೋದು ನಂಗೇನು ಹೊಸದಾ?"

ಮರುದಿನ ನಸುಕಿನಲ್ಲೇ ಗೇಟಿನ ಬಳಿ ಕೂಗು ಕೇಳಿಸಿತು. "ಯಜಮಾನ್ರೇ, ಹೋಗ್ಲಾ? ನಾನೂ, ಇವರೂ!" ಯಜಮಾನರು ಕಣ್ಣುಜ್ಜಿಕೊಳ್ಳುತ್ತಾ ಹೊರಗೆ ಬಂದು ಬಾಯಿಗೆ ಬಂದಂತೆ ಬೈದರು. ಗುಡ್ಡದ ವಕೀಲರು ನಗುತ್ತಾ ಕೈಮುಗಿದು, ಬಂದವರನ್ನೆಲ್ಲ ಕರೆದುಕೊಂಡು ವಾಪಸು ಹೋದರು. ಮಾರನೆಯ ದಿನ ಮತ್ತೆ ಹಾಜರು. ಮನುಷ್ಯ ಎಷ್ಟು ದಿನ ಅಂತ ಬೈದಾನು? ಒಂದು ದಿನ ಯಜಮಾನರು ಬೈಯುವುದಕ್ಕೆ ಬೇಜಾರಾಗಿಯೇ ಬೀಗ ತೆಗೆದರು. ಆಮೇಲೆ ಅದೇ ರೂಢಿಯಾಯಿತು. ವಕೀಲರು ಕೂಗುವುದು, ಇವರು ಗೊಣಗುತ್ತಾ ತೆಗೆಯುವುದು, ಇಳಿದು ಬಂದ ಮೇಲೆ ಮತ್ತೆ ಬೀಗ. ಕೋರ್ಟಿನ ಮೆಟ್ಟಿಲು ಹತ್ತಿ ಸೋತಿದ್ದ ಊರಿನವರಿಗೆ ಯಜಮಾನರ ಮುಖ ನೋಡಲೇ ಮುಜುಗರ. ಹಾಗಾಗಿ ಎಲ್ಲರ ಪರವಾಗಿ ಕೇಳುವ ಕೆಲಸ ವಕೀಲರೊಬ್ಬರದೇ ಆಯಿತು. ವರ್ಷಗಟ್ಟಲೆ ಹಾಗೆಯೇ ನಡೆಯಿತು. ಗುಡ್ಡದ ವಕೀಲರು ಸುಖವಾಗಿದ್ದರು, ಅದರಲ್ಲಿ ಎರಡು ಮಾತಿಲ್ಲ.

ಸುಖವಾಗಿಯೇ ಹೋದರು ಕೂಡ. ಸಂಜೆ ಗುಡ್ಡ ಇಳಿದು ಬಂದು, ಬೂಟು ಬಿಚ್ಚಿ, ಹೆಂಡತಿಗೆ ನೀರು ತರಲು ಹೇಳಿ, ಕುರ್ಚಿಗೆ ಒರಗಿದವರು ಏಳಲಿಲ್ಲ.

ಆ ವಾರವೆಲ್ಲ ಗೇಟಿಗೆ ಬೀಗ. ಭಾನುವಾರ ಜನ ಸೇರಿದರು, ಆದರೆ ಕೂಗಿ ಕೇಳಲು ಒಬ್ಬರೂ ಮುಂದಾಗಲಿಲ್ಲ. ಇವತ್ತು ಇಲ್ಲ ಎನಿಸಿಕೊಂಡರೆ ಗುಡ್ಡ ಶಾಶ್ವತವಾಗಿ ಹೋದಂತೆಯೇ ಎಂದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಕಾರು ನಿಂತು, ಅದರೊಳಗಿಂದ ಪ್ರಯಾಸಪಟ್ಟು ದಪ್ಪ ವಕೀಲರು ಇಳಿದರು. ಜನ ದಾರಿ ಬಿಟ್ಟರು, ಕೆಲವರು ಮುಖ ಸಿಂಡರಿಸಿದರು. ಆ ದಾರಿಯನ್ನು ಕಳೆದವರೇ ಇವರಲ್ಲವೇ? ಅವರು ಗೇಟು ಹಿಡಿದು ನಿಂತು ಗಂಟಲು ಸರಿಮಾಡಿಕೊಂಡರು.

"ಯಜಮಾನ್ರೇ, ಹೋಗ್ಲಾ? ನಾನೂ... ಇವರೂ."

ಬಾಗಿಲು ತಕ್ಷಣ ತೆರೆಯಿತು. ಯಜಮಾನರು ಹೊರಡಲು ಸಿದ್ಧವಾದವರಂತೆ ಅಂಗಿ ತೊಟ್ಟು, ಬೀಗದ ಕೈ ಹಿಡಿದುಕೊಂಡೇ ಕಾದಿದ್ದರು.

"ದಿನಾ ಅದೇ ಹೊತ್ತಿಗೆ ಎಚ್ಚರ ಆಗತ್ತೆ ವಕೀಲ್ರೇ. ಎದ್ದು ಕೂತಿರ್ತೀನಿ. ಯಾರೂ ಕೂಗಲ್ಲ" ಎಂದರು. ಗೇಟನ್ನು ಅಗಲವಾಗಿ ತೆಗೆದು, ಜನ ಒಳಗೆ ಹೋಗುವವರೆಗೂ ಪಕ್ಕಕ್ಕೆ ನಿಂತರು. ಆಮೇಲೆ ದನಿ ತಗ್ಗಿಸಿ, "ಕೋರ್ಟಲ್ಲಿ ನಂಗೆ ಈ ದಾರಿ ಗೆದ್ದು ಕೊಟ್ರಲ್ಲ, ಅದನ್ನ ಈ ಜನಕ್ಕೆ ವಾಪಸ್ ಕೊಡೋಕೆ ಏನು ಬರೀಬೇಕು? ಇನ್ನು ಮೇಲೆ ಯಾರೂ ನನ್ನನ್ನ ಕೇಳೋ ಹಾಗಿರಬಾರ್ದು, ಹಾಗೆ ಬರೀರಿ. ಕೇಳೋರು ಒಬ್ರಿದ್ರು, ಹೋದ್ರು. ಆ ಮಾತನ್ನ ಇನ್ನೊಬ್ರ ಬಾಯಲ್ಲಿ ಕೇಳೋಕೆ ನನ್ನ ಕೈಲಿ ಆಗಲ್ಲ" ಎಂದರು.

"ಬರೀತೀನಿ" ಎಂದರು ದಪ್ಪ ವಕೀಲರು. ಕನ್ನಡಕ ಒರೆಸಿ ಮೂಗಿಗೇರಿಸಿಕೊಂಡು, ಗುಡ್ಡ ಹತ್ತಲು ಹೊರಟ ಜನರ ಹಿಂದೆ ತಾವೂ ತೋಟದೊಳಕ್ಕೆ ಕಾಲಿಟ್ಟರು.